ಕುಂಚಿಗೆ ತೊಟ್ಟ ಮೂರು ಹೂವು

ನಾನು ಚಿಕ್ಕವಳಿದ್ದಾಗ ನಮ್ಮ ಹೊಲದ ಹೂವುಗಳು ನನಗಿಂತ ಎತ್ತರ ಇದ್ದವು. ನಗಬೇಡಿ ಮಕ್ಕಳೇ. ನಾನು ಗಿಡ್ಡಿ ಇದ್ದದ್ದು ನಿಜ, ಆದರೆ ಆ ಸೂರ್ಯಕಾಂತಿ ಗಿಡಗಳು ಅಪ್ಪನ ಹೆಗಲನ್ನೂ ದಾಟುತ್ತಿದ್ದವು. ತೆಕ್ಕಲಕೋಟೆಯ ಹೊರಗೆ ನಾಲ್ಕು ಎಕರೆ ಕರಿಮಣ್ಣಿನ ಹೊಲ ನಮ್ಮದು. ಜೋಳ ಮತ್ತು ಹತ್ತಿ ಬಿಟ್ಟರೆ ಆ ಮಣ್ಣು ಬೇರೇನೂ ಕಂಡಿರಲಿಲ್ಲ. ಆ ವರ್ಷ ಅಪ್ಪ ಸಿರುಗುಪ್ಪಕ್ಕೆ ಹೋಗಿ ಸೂರ್ಯಕಾಂತಿ ಬೀಜ ತಂದ. ನಮ್ಮೂರಲ್ಲಿ ಅದನ್ನು ಯಾರೂ ಬೆಳೆದಿರಲಿಲ್ಲ. "ಹೊಟ್ಟಿಗೆ ಜೋಳ ಬಿತ್ತೂದು ಬಿಟ್ಟು ತಲಿಗೆ ಮುಡಿಯಾಕ ಹೂವು ಬಿತ್ಯಾನ" ಎಂದು ಕಟ್ಟೆಯ ಮೇಲೆ ಕೂತವರು ನಕ್ಕರು. ಬೆಳೆ ಕೈಕೊಟ್ಟರೆ ಅಪ್ಪ ಆ ಕಟ್ಟೆಯ ಮುಂದೆ ತಲೆ ಎತ್ತಿ ನಡೆಯುವ ಹಾಗಿರಲಿಲ್ಲ.

ಅಪ್ಪ ಜಾಣ. ಮೊದಲು ಒಂದು ಹಿಡಿ ಬೀಜವನ್ನು ಬಾವಿಯ ಪಕ್ಕ ಹಾಕಿ ನೋಡಿದ. ಅವು ಚೆನ್ನಾಗಿ ಎದ್ದ ಮೇಲೆಯೇ ದೊಡ್ಡ ಹೊಲ ಬಿತ್ತಿದ. ಹೀಗಾಗಿ ಬಾವಿಯ ಹತ್ತಿರದ ಗಿಡಗಳು ಬಲಿಯುವ ಹೊತ್ತಿಗೆ ದೊಡ್ಡ ಹೊಲ ಆಗಷ್ಟೇ ಹೂ ಬಿಡುತ್ತಿತ್ತು.

ಗಿಳಿ ಓಡಿಸುವುದು ನನ್ನ ಕೆಲಸ. ಹಳೆಯ ಡಬ್ಬಿ ಒಂದನ್ನು ಬಡಿಯುತ್ತಾ ಸಾಲುಗಳಲ್ಲಿ ಓಡಾಡುತ್ತಿದ್ದೆ. ಬಾವಿಯ ಪಕ್ಕದ ಗಿಡಗಳಲ್ಲಿ ಮೂರು ಹೂವುಗಳ ಮೇಲೆ ನನಗೆ ವಿಪರೀತ ಪ್ರೀತಿ. ಊಟದ ತಟ್ಟೆಯಷ್ಟು ದೊಡ್ಡವು. ಅವು ಅರಳಲು ಶುರುವಾದ ದಿನವೇ ಅವ್ವನ ಹಳೆಯ ಸೀರೆ ಹರಿದು, ಕೂಸುಗಳ ತಲೆ-ಕಿವಿ ಮುಚ್ಚಲು ಕುಂಚಿಗೆ ತೊಡಿಸುವಂತೆ ಮೂರಕ್ಕೂ ತೊಡಿಸಿ, ಕುತ್ತಿಗೆಗೆ ಕರಿದಾರ ಕಟ್ಟಿದೆ. ಗಿಳಿ ಕುಕ್ಕಬಾರದು, ಹುಳ ಕೂರಬಾರದು, ದೃಷ್ಟಿಯೂ ತಾಗಬಾರದು. ಅಕ್ಕ ನನ್ನನ್ನು ಬಿಟ್ಟಾಳೆಯೇ? "ಕುಂಚಿಗಿ ಆತು. ಇನ್ನ ತೊಟ್ಟಿಲಾಗ ಹಾಕಿ ಹೆಸರಿಡೂದು ಒಂದ ಬಾಕಿ ಐತಿ ನೋಡು" ಎಂದು ಕಂಡಕಂಡವರಿಗೆಲ್ಲ ಹೇಳಿ ನಗಿಸಿದಳು. ನಾನು ಎರಡು ದಿನ ಅವಳ ಜೊತೆ ಮಾತು ಬಿಟ್ಟೆ.

ತಿಂಗಳು ಕಳೆಯುವ ಹೊತ್ತಿಗೆ ದೊಡ್ಡ ಹೊಲ ಪೂರ್ತಿ ಅರಳಿತು. ಬೆಳಿಗ್ಗೆ ಬದುವಿನ ಮೇಲೆ ನಿಂತರೆ ಕಣ್ಣು ಕುಕ್ಕುವ ಹಳದಿ, ಹಸಿ ಎಲೆಯ ಒಗರು ವಾಸನೆ, ಹೊಲದ ಈ ತುದಿಯಿಂದ ಆ ತುದಿಯವರೆಗೆ ಗುಂಯ್ ಎನ್ನುವ ಸದ್ದು. ಬದುವಿನ ಬೇವಿನ ಮರದಲ್ಲಿ ಹೆಜ್ಜೇನು ಕಟ್ಟಿತ್ತು. ಆ ಜೇನುಗಳೆಲ್ಲ ನಮ್ಮ ಹೊಲದಲ್ಲೇ ಇರುತ್ತಿದ್ದವು. ನನಗಂತೂ ಅವುಗಳನ್ನು ಕಂಡರೆ ಆಗುತ್ತಿರಲಿಲ್ಲ. ಒಂದು ನನ್ನ ಕಿವಿಗೆ ಕಚ್ಚಿ, ಕಿವಿ ವಡೆಯಂತೆ ಊದಿತ್ತು.

ಅಪ್ಪನ ಅಣ್ಣ, ಅಂದರೆ ನಮ್ಮ ದೊಡ್ಡಪ್ಪ, ಒಂದು ಸಂಜೆ ಹೊಲ ನೋಡಲು ಬಂದ. ಅವನ ಮಾತನ್ನು ಅಪ್ಪ ಎಂದೂ ಮೀರಿದವನಲ್ಲ. "ತಮ್ಮಾ, ಈ ಹುಳ ನೋಡು, ಕಾಳಿನ ಹಾಲು ಹೀರಾಕತ್ಯಾವ. ಕಾಳು ಎಲ್ಲಿಂದ ತುಂಬಬೇಕು? ನಾಳಿ ಮುಂಜಾನಿ ಎಣ್ಣಿ ಹೊಡಿ. ಸಂಜಿಕ ಗೂಡಿಗೂ ಬೆಂಕಿ ಇಡು" ಅಂದ. ಹುಳ ಸಾಯಿಸುವ ಔಷಧಕ್ಕೆ ನಮ್ಮ ಕಡೆ ಎಣ್ಣೆ ಅಂತಲೇ ಹೆಸರು. ಅಪ್ಪ ತಲೆಯಾಡಿಸಿದ. ನನಗೆ ಒಳಗೊಳಗೇ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ?

ಮರುದಿನ ಬೆಳಿಗ್ಗೆ ಎಲ್ಲರೂ ಬಾವಿಯ ಹತ್ತಿರ ಸೇರಿದೆವು. ಅಪ್ಪ ಬೆನ್ನಿಗೆ ಹಾಕುವ ಪಂಪು ತಂದಿದ್ದ. ಔಷಧದ ಡಬ್ಬಿಯ ಮುಚ್ಚಳ ಇನ್ನೂ ತೆಗೆದಿರಲಿಲ್ಲ. ಅಕ್ಕ ನೀರು ಸೇದುತ್ತಿದ್ದಳು. ಎಲ್ಲರೂ ಒಂದೇ ಕಡೆ ಇದ್ದಾರೆ, ನನ್ನ ಕೂಸುಗಳನ್ನು ತೋರಿಸಿ ಮೆರೆಯಲು ಇದಕ್ಕಿಂತ ಒಳ್ಳೆಯ ಹೊತ್ತು ಇಲ್ಲ ಅನ್ನಿಸಿತು. ಕರಿದಾರ ಬಿಚ್ಚಿ ಮೂರೂ ಕುಂಚಿಗೆ ತೆಗೆದೆ. ಅಬ್ಬಾ, ಎಂಥ ಹೂವು! ಒಂದು ಗಿಳಿಯ ಗಾಯ ಇಲ್ಲ, ಒಂದು ತೂತು ಇಲ್ಲ. ಕರಿಕಾಳುಗಳು ಸಾಲು ಹಿಡಿದು ಕೂತಿದ್ದವು. ದೊಡ್ಡಪ್ಪ ನನ್ನ ತಲೆ ಸವರಿದ. "ನೋಡ್ರಿ, ಹುಳ ಮುಟ್ಟದ ಹೂವು ಹೆಂಗ ಬಂದಾವ! ನಾ ಹೇಳಿದ್ದು ಇದನ್ನ" ಅಂದ. ನಾನು ಅಕ್ಕನ ಕಡೆ ಮೂಗು ಮುರಿದೆ.

ಅಕ್ಕ ಹಗ್ಗ ಬಿಟ್ಟು ಬಂದಳು. ನನ್ನ ಹೂವಿನಿಂದ ಒಂದು ಕಾಳು ಕಿತ್ತು ಹಲ್ಲಲ್ಲಿ ಕಡಿದಳು. ಸದ್ದೇ ಬರಲಿಲ್ಲ. ಉಗುಳಿ ಇನ್ನೊಂದು ಕಡಿದಳು. ಅದೂ ಜೊಳ್ಳು. ಆಮೇಲೆ ಪಕ್ಕದ ಗಿಡದಿಂದ, ಗಿಳಿ ಅರ್ಧ ತಿಂದು ಬಿಟ್ಟಿದ್ದ ಸಣ್ಣ ಹೂವಿನಿಂದ, ಒಂದು ಕಾಳು ಬಾಯಿಗೆ ಹಾಕಿದಳು. ಕಟ್ ಅಂತ ಸದ್ದಾಯಿತು. ಅಂಗೈ ಮೇಲೆ ಉಗುಳಿ ತೋರಿಸಿದಳು. ಒಳಗೆ ಬಿಳಿ ತಿರುಳು ತುಂಬಿಕೊಂಡಿತ್ತು.

ಅಪ್ಪ ಪಂಪು ಕೆಳಗಿಟ್ಟು ತಾನೇ ಕಡಿದು ನೋಡಿದ. ನನ್ನ ಮೂರೂ ಹೂವುಗಳಲ್ಲಿ ಹುಡುಕಿ ಹುಡುಕಿ ನೋಡಿದರೂ ಬೆರಳೆಣಿಕೆಯಷ್ಟು ಕಾಳು ಮಾತ್ರ ಗಟ್ಟಿ. ಉಳಿದದ್ದೆಲ್ಲ ಬರೀ ಸಿಪ್ಪೆ. ನಾನು ಅಲ್ಲೇ ನೆಲಕ್ಕೆ ಕೂತು ಗೋಳೋ ಅಂತ ಅತ್ತೆ. ಅಕ್ಕನ ಕಣ್ಣು ಬಿದ್ದೇ ಹೀಗಾಯಿತು ಎಂದು ಚೀರಿದೆ. ಅಕ್ಕ ನನ್ನ ಅಳುವಿಗೆ ಕಿವಿ ಕೊಡಲಿಲ್ಲ. ಅವಳ ಕಣ್ಣು ಹೊಲದ ಮೇಲಿತ್ತು.

"ಅಪ್ಪಾ, ಕುಂಚಿಗಿ ಹಾಕಿದ್ದಕ್ಕ ಜೇನು ಒಳಗ ಹೋಗಿಲ್ಲ. ಜೇನು ಕುಂತ ಹೂವಿನಾಗ ಕಾಳು ತುಂಬ್ಯಾವ. ಅವು ಹಾಲು ಹೀರಂಗಿಲ್ಲ, ಕಾಳು ಕಟ್ಟಸ್ತಾವ" ಅಂದಳು.

ದೊಡ್ಡಪ್ಪ ಸೋಲುವವನೇ? ಬಟ್ಟೆ ಸುತ್ತಿದರೆ ಬಿಸಿಲು ಬೀಳುವುದಿಲ್ಲ, ಬಿಸಿಲಿಲ್ಲದೆ ಜೊಳ್ಳಾಗಿದೆ ಅಂದ. ಆ ಮಾತಿಗೆ ಅಪ್ಪನೂ ಹೌದೆನ್ನುವಂತೆ ಮತ್ತೆ ಪಂಪಿನ ಕಡೆ ನೋಡಿದ. ನಾನು ಅಳು ನಿಲ್ಲಿಸಿದೆ. ಜೇನಿಗಾಗಿ ಅಲ್ಲ ಮಕ್ಕಳೇ. ನನ್ನ ಮೂರು ಕೂಸುಗಳ ಗತಿಯೇ ನಾಲ್ಕು ಎಕರೆಗೂ ಬಂದರೆ ಅಪ್ಪ ಕಟ್ಟೆಯ ಮುಂದೆ ಹೇಗೆ ನಡೆದಾನು ಎಂದು ಆಗ ಹೊಳೆಯಿತು.

ಬಾವಿಯ ಹಿಂದೆ ಹುಣಸೆ ಮರದ ಬುಡದಲ್ಲಿ ಒಂದು ಬಡಕಲು ಗಿಡ ಇತ್ತು. ಬೆಳಗಿನಿಂದ ಸಂಜೆವರೆಗೆ ನೆರಳಲ್ಲೇ ನಿಂತು, ಹೂವು ಅಂಗೈ ಅಗಲಕ್ಕೆ ಮೊಟಕಾಗಿತ್ತು. ನಾನು ಅದರ ಹತ್ತಿರ ಎಂದೂ ಹೋಗಿರಲಿಲ್ಲ. ಈಗ ಓಡಿಹೋಗಿ ಅದರ ತಲೆಯನ್ನೇ ಮುರಿದುಕೊಂಡು ಬಂದು ದೊಡ್ಡಪ್ಪನ ಕೈಗಿಟ್ಟೆ. "ಇದಕ್ಕ ಬಿಸಿಲ ಬಿದ್ದಿಲ್ಲ ದೊಡ್ಡಪ್ಪಾ. ಕಡದು ನೋಡ್ರಿ" ಅಂದೆ.

ದೊಡ್ಡಪ್ಪ ಕಡಿದ. ಕಟ್! ಇನ್ನೊಂದು ಕಡಿದ. ಕಟ್! ಒಂದರ ಹಿಂದೊಂದು ಅಗಿಯುತ್ತಲೇ ಹೋದ. ಕೊನೆಗೆ ಅಕ್ಕ, "ಎಲ್ಲಾ ತಿಂದು ಬಿಡ್ತೀರೇನ್ರಿ?" ಅಂದಾಗ ಅವನಿಗೇ ನಗು ತಡೆಯಲಾಗಲಿಲ್ಲ. "ಹುಡುಗ್ಯಾರು ಗೆದ್ರು ತಮ್ಮಾ. ಪಂಪು ಮನಿಗೆ ಒಯ್ಯಿ" ಅಂದ. ಅಪ್ಪ ನನ್ನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಆಗ ಮೊದಲ ಸಲ ನಾನು ಆ ಹೂವುಗಳಿಗಿಂತ ಎತ್ತರ ಇದ್ದೆ. ಕೆಳಗೆ ಹಳದಿ ಹೊಲದ ತುಂಬ ಜೇನು ಗುಂಯ್‌ಗುಡುತ್ತಿತ್ತು.

ಆ ವರ್ಷ ಸುಗ್ಗಿಯಲ್ಲಿ ಹೂವುಗಳು ಭಾರಕ್ಕೆ ತಲೆ ಬಾಗಿಸಿದವು. ಅಪ್ಪ ತುಂಬಿದ ಬಂಡಿಯನ್ನು ಬೇಕೆಂದೇ ಸುತ್ತು ಹಾಕಿ, ಕಟ್ಟೆಯ ಮುಂದೆಯೇ ಹೊಡೆದುಕೊಂಡು ಬಂದ. ಮುಂದಿನ ಮಳೆಗಾಲಕ್ಕೆ ದೊಡ್ಡಪ್ಪ ತಾನೂ ಸೂರ್ಯಕಾಂತಿ ಬಿತ್ತಿ, ಜೇನಿಗೆ ಇರಲಿ ಎಂದು ಬದುವಿನ ತುಂಬ ಹಳದಿ ಹೂ ಬಿಡುವ ಗುರೆಳ್ಳಿನ ಬೀಜ ಚೆಲ್ಲಿದ. ಬೇವಿನ ಮರದ ಗೂಡಿಗೆ ಕಲ್ಲು ಎಸೆಯಲು ಬಂದ ಹುಡುಗರನ್ನು ಅವನು ಅಟ್ಟಿಸಿಕೊಂಡು ಹೋದದ್ದನ್ನು ನಾನೇ ಕಣ್ಣಾರೆ ಕಂಡೆ.

ಈಗ ನೀವು ಬಳ್ಳಾರಿಯಲ್ಲಿ ಮೂರನೇ ಮಹಡಿಯಲ್ಲಿ ಇದ್ದೀರಿ. ನಿಮಗೆ ಹೊಲ ಇಲ್ಲ, ತಾರಸಿಯ ಮೇಲೆ ಏಳು ಕುಂಡ ಇವೆ. ನಾನು ಒಬ್ಬ ದೊಡ್ಡಪ್ಪನನ್ನು ಒಪ್ಪಿಸಿದರೆ ಸಾಕಿತ್ತು. ನೀವೋ ಇಡೀ ಓಣಿಯನ್ನೇ ಒಪ್ಪಿಸಬೇಕಾಯಿತು. ನೀರಿನ ಟ್ಯಾಂಕಿನ ಕೆಳಗೆ ಕಟ್ಟಿದ್ದ ಕಿರುಜೇನಿಗೆ ಹೊಗೆ ಹಾಕುತ್ತೇವೆಂದು ಜನ ಬಂದಾಗ, ನೀವಿಬ್ಬರೂ ಮೆಟ್ಟಿಲಿಗೆ ಅಡ್ಡ ಕೂತಿರಂತೆ. ಮನೆಮನೆಗೆ ಹೋಗಿ, ಹೂ ಅರಳುವ ಹೊತ್ತಿಗೆ ಔಷಧ ಹೊಡೆಯಬೇಡಿ ಎಂದು ಬೇಡಿಕೊಂಡಿರಂತೆ. ಈಗ ಎದುರು ಮನೆಯವರೂ ತುಳಸಿ, ಚೆಂಡುಹೂವು ಬೆಳೆಸಿದ್ದಾರೆ. ತಟ್ಟೆಯಲ್ಲಿ ಕಲ್ಲುಹರಳು ಹಾಕಿ ಜೇನಿಗೆ ನೀರೂ ಇಡುತ್ತಾರೆ. ನನಗೆ ಹೊಟ್ಟೆಕಿಚ್ಚಾಗುವುದು ಇಲ್ಲೇ. ನಾನು ಗೆದ್ದದ್ದು ಒಂದು ತಪ್ಪು ಮಾಡಿ. ನೀವು ತಿಳಿದೇ ಗೆದ್ದಿರಿ.

ಮೊನ್ನೆ ನಿಮ್ಮಿಬ್ಬರಲ್ಲಿ ಚಿಕ್ಕವಳು ತಾರಸಿಯ ಸೂರ್ಯಕಾಂತಿಯಿಂದ ಒಂದು ಕಾಳು ತಂದು ನನ್ನ ಅಂಗೈಗಿಟ್ಟು, "ಅಜ್ಜಿ, ಕಡದು ನೋಡು" ಅಂದಳು. ನನ್ನ ಬಾಯಲ್ಲಿ ಈಗ ಒಂದರ ಮೇಲೊಂದು ಕೂರುವ ಹಲ್ಲು ಎರಡೇ ಎರಡು. ಅವುಗಳ ನಡುವೆ ಇಟ್ಟು ಕಣ್ಣು ಮುಚ್ಚಿ ಕಡಿದೆ.

ಕಟ್!