ಕತ್ತಿನಿಂದ ಮೇಲೆ

ಡ್ರಾಯಿಂಗ್ ಮೇಡಂ ಅವರನ್ನು ಟೈಲರ್ ಮೊದಲ ಸಲ ಕಂಡದ್ದು ಒಂದು ಸೋಮವಾರ ಸಂಜೆ, ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ. ಮೆಟ್ಟಿಲು ಬಹಳ ಕಿರಿದು. ಮೇಲಿನಿಂದ ಯಾರಾದರೂ ಇಳಿದರೆ ಹತ್ತುವವರು ಗೋಡೆಗೆ ಅಂಟಿಕೊಳ್ಳಬೇಕು. ಅವನು ಅಂಟಿಕೊಳ್ಳಲಿಲ್ಲ. ಪಾಠ ಮುಗಿಸಿ ಇಳಿಯುತ್ತಿದ್ದ ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು ಹಿಂದಕ್ಕೆ ಹತ್ತುವಂತೆ ಮಾಡಿ ಅವರ ಬೆನ್ನಿಗೇ ಮೇಲೆ ಬಂದ. ಕೋಣೆಯಲ್ಲಿ ಆರು ಸ್ಟೂಲು, ಮಧ್ಯದ ಮೇಜಿನ ಮೇಲೆ ಒಂದು ಹೂಜಿ, ಕಿಟಕಿಯ ಬಳಿ ಬ್ಲೇಡಿನಿಂದ ಪೆನ್ಸಿಲು ಹೆರೆಯುತ್ತಿದ್ದ ಅರವತ್ತರ ಹೆಂಗಸು. ಅವನ ಕತ್ತಿನಲ್ಲಿ ಅಳತೆಯ ಟೇಪು ಹಾಗೆಯೇ ನೇತಾಡುತ್ತಿತ್ತು. ಅಂಗಿಯ ಮೇಲೆಲ್ಲ ಗುರುತು ಹಾಕುವ ಸೀಮೆಸುಣ್ಣದ ಪುಡಿ. ಪರದೆಯ ಅಳತೆಗೆ ಬಂದವನಿರಬೇಕೆಂದು ಮೇಡಂ ಸುಮ್ಮನೆ ಕಿಟಕಿ ತೋರಿಸಿದರು.

ಅವನು ಕಿಟಕಿಯತ್ತ ನೋಡಲಿಲ್ಲ. "ಮುಖ ಬರೆಯೋದು ಕಲೀಬೇಕು ಮೇಡಂ. ಎಷ್ಟು ದಿನ ಆಗುತ್ತೆ?" ಎಂದ.

ಮೊದಲು ಗೆರೆ, ಆಮೇಲೆ ನೆರಳು, ಮುಖಕ್ಕೆ ಬರಬೇಕಾದರೆ ಆರು ತಿಂಗಳಾದರೂ ಬೇಕು ಎಂದರು ಮೇಡಂ. ಅವನು ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತ.

"ಅಷ್ಟು ಟೈಮಿಲ್ಲ. ನಮ್ಮಕ್ಕ ಕಳೆದುಹೋಗಿ ಇವತ್ತಿಗೆ ಹನ್ನೊಂದು ದಿನ."

ಪೋಸ್ಟ್‌ಮ್ಯಾನ್ ಮತ್ತೆ ಇಳಿಯಲು ಹೊರಟವರು ಬಾಗಿಲಲ್ಲೇ ಕೂತುಬಿಟ್ಟರು.

ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಓದು ಬರಹ ಇಲ್ಲ. ಅಕ್ಕ, ತಮ್ಮ, ತಂಗಿ ಮೂವರೇ ಕಟ್ಟಿಕೊಂಡ ಕೈಸನ್ನೆ ಬೇರೆ ಯಾರಿಗೂ ತಿಳಿಯದು. ಟೈಲರ್ ಅಂಗಡಿಯಲ್ಲಿ ಗುಂಡಿ, ಕಾಜಾ, ಅಂಚು ಮಡಚುವ ಕೆಲಸ ಹದಿನೆಂಟು ವರ್ಷದಿಂದ ಅವಳದೇ. ಮಾದರಿಯ ಗುಂಡಿಯೊಂದನ್ನು ಮುಷ್ಟಿಯಲ್ಲಿ ಹಿಡಿದು, ಬಸ್ಸಿನ ತಿರುವುಗಳನ್ನು ಎಣಿಸಿಕೊಂಡು, ತಿಂಗಳಿಗೊಮ್ಮೆ ಸಗಟು ಅಂಗಡಿಗೆ ಹೋಗಿ ಬರುತ್ತಿದ್ದಳು. ಆವತ್ತು ರಸ್ತೆ ಅಗೆದಿದ್ದರು, ಬಸ್ಸು ಬೇರೆ ದಾರಿ ಹಿಡಿಯಿತು, ತಿರುವಿನ ಲೆಕ್ಕ ತಪ್ಪಿತು. ಎಲ್ಲೋ ಇಳಿದಳು ಎನ್ನುವಷ್ಟು ಮಾತ್ರ ಕಂಡಕ್ಟರಿಗೆ ನೆನಪಿತ್ತು.

ಫೋಟೊ ಕೊಡಿ ಎಂದರು ಪೊಲೀಸರು. ಅಲ್ಲೇ ಬಂದದ್ದು ತೊಡಕು. ಅಕ್ಕನಿಗೆ ಕ್ಯಾಮೆರಾ ಎಂದರೆ ಆಗದು, ಕಂಡ ಕೂಡಲೇ ಅಂಗೈ ಅಡ್ಡ ಹಿಡಿಯುವಳು. ಮನೆಯಲ್ಲಿದ್ದ ಒಂದೇ ಫೋಟೊದಲ್ಲಿ ಆ ಅಂಗೈ ಬಹಳ ಚೆನ್ನಾಗಿ ಬಂದಿತ್ತು. ಗುರುತಿನ ಚೀಟಿ ಹಿಂದೆಯೇ ಎಲ್ಲೋ ಕಳೆದಿತ್ತು. ಕಚೇರಿಯಲ್ಲಿ ಕಾಡಿ ಬೇಡಿ ತಂದ ಪ್ರತಿಯಲ್ಲಿ ಇಪ್ಪತ್ತು ವರ್ಷದ ಹಿಂದಿನ ಒಂದು ಮಸಿಯ ಮುದ್ದೆ.

ಮೇಡಂ ಅವನನ್ನು ಕೂರಿಸಿ ತಾವೇ ಬರೆಯಲು ಮೊದಲು ಮಾಡಿದರು. ಕಣ್ಣು ದೊಡ್ಡದೋ ಸಣ್ಣದೋ ಎಂದು ಕೇಳಿದರೆ ಹದವಾಗಿದೆ ಎಂದ. ಮೂಗು ಎಂದರೆ ನಮ್ಮ ಮನೆಯವರ ಮೂಗು ಎಂದ. ಆರು ಮುಖ ಬರೆದರು. ಆರಕ್ಕೂ ಅಲ್ಲವೆಂದು ತಲೆಯಾಡಿಸಿದ. ಭುಜ ಹದಿನಾಲ್ಕು ಇಂಚು, ಎಡಗಡೆ ಅರ್ಧ ಇಂಚು ಇಳಿದಿದೆ, ಕತ್ತಿನ ಸುತ್ತಳತೆ ಹದಿಮೂರು ಎಂದು ಕೇಳದೆಯೇ ಹೇಳಿದ. ಅಕ್ಕನ ಬಟ್ಟೆಯನ್ನೆಲ್ಲ ಹೊಲಿದವನು ಅವನೇ. ಕತ್ತಿನಿಂದ ಕೆಳಗೆ ಅವನಿಗೆ ಊರೇ ಬಾಯಿಪಾಠ. ಕತ್ತಿನಿಂದ ಮೇಲೆ ಅವನ ಕಸುಬಿಗೆ ಕೆಲಸವಿರಲಿಲ್ಲ.

"ಬಾಯಲ್ಲಿ ಹೇಳೋಕೆ ನಿಮಗೆ ಬರಲ್ಲ. ಕೈ ಹೇಳುತ್ತೇನೋ ನೋಡೋಣ, ನಾಳೆಯಿಂದ ಬನ್ನಿ," ಎಂದರು ಮೇಡಂ.

ಅವನು ದಿನಾ ಬಂದ. ಮೊಟ್ಟೆಯಾಕಾರ ಬರೆದು ಕಣ್ಣನ್ನು ಹಣೆಯ ಮೇಲೇರಿಸಿದ, ಹೊಸಬರೆಲ್ಲ ಮಾಡುವ ಹಾಗೆ. ಕಣ್ಣಿರುವುದು ತಲೆಯ ನಟ್ಟನಡುವೆ ಎಂದಾಗ ನಂಬಲಿಲ್ಲ. ಮನೆಗೆ ಹೋಗಿ ಕನ್ನಡಿಯ ಮುಂದೆ ತನ್ನ ತಲೆಗೇ ಟೇಪು ಹಿಡಿದ. ನೆತ್ತಿಯಿಂದ ಗದ್ದಕ್ಕೆ ಒಂಬತ್ತು ಇಂಚು, ಕಣ್ಣಿಗೆ ಸರಿಯಾಗಿ ನಾಲ್ಕೂವರೆ. ಅಳತೆ ಎಂದಮೇಲೆ ಅದು ತನ್ನ ಕೆಲಸ ಎಂದು ಧೈರ್ಯ ಬಂತು. ಮೂಗಿನ ಬುಡ, ತುಟಿ, ಕಿವಿ ಎಲ್ಲವನ್ನೂ ಕನ್ನಡಿಯಲ್ಲಿ ಅಳೆದು ಗೋಡೆಗೆ ಪಟ್ಟಿ ಅಂಟಿಸಿದ. ಮೂರನೆಯ ವಾರ ಒಂದು ಮುಖ ತಂದು ಮೇಡಂ ಮುಂದಿಟ್ಟ. ಎರಡು ಕಣ್ಣು, ಎರಡು ಹುಬ್ಬು, ತುಟಿಯ ಎರಡು ಕೊನೆ ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲ. ಮೇಡಂಗೆ ಆಶ್ಚರ್ಯವಾಯಿತು. ಕಾಗದದ ನಡುವೆ ಬೆರಳಾಡಿಸಿದಾಗ ಗೆರೆಯೊಂದು ತಾಗಿತು. ಅಂಗಿಯ ಮುಂಭಾಗ ಕತ್ತರಿಸುವ ಹಾಗೆ ಕಾಗದ ಮಡಚಿ, ಅರ್ಧ ಮುಖ ಬರೆದು, ಇನ್ನರ್ಧಕ್ಕೆ ಅಚ್ಚು ತೆಗೆದಿದ್ದ.

ಪೋಸ್ಟ್‌ಮ್ಯಾನ್ ಬಗ್ಗಿ ನೋಡಿ, "ಟೈಲರಪ್ಪ, ಫಿಟ್ಟಿಂಗ್ ಚೆನ್ನಾಗಿದೆ. ಒಳಗೆ ಆಸಾಮಿನೇ ಇಲ್ಲ," ಎಂದರು.

ಮೇಡಂ ನಗಲಿಲ್ಲ. ಸಣ್ಣ ಕನ್ನಡಿ ಕೊಟ್ಟು, ಒಂದು ಕಾಗದದಿಂದ ಅವನ ಮುಖವನ್ನು ಬಲಗಡೆ ಒಮ್ಮೆ, ಎಡಗಡೆ ಒಮ್ಮೆ ಮುಚ್ಚಿ ತೋರಿಸಿದರು. ಎರಡು ಪಾಲಿನಲ್ಲಿ ಇಬ್ಬರು ಬೇರೆ ಬೇರೆ ಮನುಷ್ಯರಿದ್ದರು. ಎಲ್ಲಿ ಸರಿಹೊಂದುವುದಿಲ್ಲವೋ ಅಲ್ಲೇ ನಿಮ್ಮಕ್ಕ ಇರೋದು ಎಂದರು.

ಆಮೇಲಿನ ದಿನಗಳು ಕೆಟ್ಟವು. ಅರ್ಧ ಹೊಲಿದ ಬಟ್ಟೆಗಳು ಹಾಗೇ ನೇತಾಡಿದವು, ಗಿರಾಕಿಗಳು ಬೈದು ತುಂಡುಬಟ್ಟೆ ವಾಪಸು ಒಯ್ದರು. ನಲವತ್ತನೆಯ ಹಾಳೆಯ ಹೊತ್ತಿಗೆ ಮತ್ತೊಂದು ಭಯ ಹಿಡಿಯಿತು. ಕಣ್ಣು ಮುಚ್ಚಿದರೆ ಅಕ್ಕ ಬರುತ್ತಿರಲಿಲ್ಲ, ಹಿಂದಿನ ದಿನ ಬರೆದ ಚಿತ್ರ ಬರುತ್ತಿತ್ತು. ಬರೆದಷ್ಟೂ ಅವಳು ಅಳಿಸಿಹೋಗುತ್ತಿದ್ದಳು, ಬರೆಯದಿದ್ದರೆ ಸಿಗುವಂತಿರಲಿಲ್ಲ. ಹಾಳೆಗಳನ್ನೆಲ್ಲ ತಂಗಿಯ ಮುಂದೆ ಹರವಿ, ಇದರಲ್ಲಿ ಅಕ್ಕ ಎಲ್ಲಾದರೂ ಇದ್ದಾಳಾ ನೋಡು ಎಂದ.

ತಂಗಿ ಒಂದೊಂದಾಗಿ ನೋಡಿದಳು. "ಅಣ್ಣ, ಇದು ನೀನೇ ಕಣೋ. ಜಡೆ ಹಾಕಿದೀಯ ಅಷ್ಟೆ."

ನಗು ಬಂದವಳಿಗೆ ಅದನ್ನು ನಿಲ್ಲಿಸಲಾಗಲಿಲ್ಲ, ನಗುತ್ತಲೇ ಅಳತೊಡಗಿದಳು. ಕನ್ನಡಿಯಲ್ಲಿ ಅಳೆದ ಅಳತೆಯಿಂದ ಅವನು ಇಷ್ಟು ದಿನವೂ ತನ್ನ ಮುಖವನ್ನೇ ಹುಡುಕುತ್ತಿದ್ದ.

ಮರುದಿನ ಮಧ್ಯಾಹ್ನ ಅಂಗಡಿಯ ಬಾಗಿಲೆಳೆದು ಅಕ್ಕನ ಮಣೆಯ ಮೇಲೆ ಕೂತ. ಅಲ್ಲಿಂದ ಕಾಣುತ್ತಿದ್ದದ್ದು ಹೊಲಿಗೆಯಂತ್ರದ ಮುಂದಿನ ಅವನದೇ ಖಾಲಿ ಸ್ಟೂಲು. ಹದಿನೆಂಟು ವರ್ಷ ಅವಳು ಅವನ ಬೆನ್ನು ನೋಡಿದ್ದಳು, ಅವನು ಅವಳನ್ನು ನೋಡಿರಲಿಲ್ಲ. ನೋಡುತ್ತಿದ್ದದ್ದು ಯಾವಾಗ ಎಂದು ತಲೆ ಚಚ್ಚಿಕೊಂಡ. ಮುಗಿದ ಅಂಗಿ ತೆಗೆದುಕೊಳ್ಳಲು ಹಿಂದಕ್ಕೆ ಕೈ ಚಾಚುವಾಗ ಮಾತ್ರ. ಆಗೆಲ್ಲ ಅವಳು ಕೊನೆಯ ಗುಂಡಿಯ ದಾರ ಕಡಿಯುತ್ತಿರುತ್ತಿದ್ದಳು. ಕತ್ತರಿ ಪಕ್ಕದಲ್ಲೇ ಇದ್ದರೂ ಹಲ್ಲಿನಲ್ಲೇ, ಅದೂ ಎಡಗಡೆಯ ಹಲ್ಲಿನಲ್ಲಿ. ತುಟಿ ಎಡಕ್ಕೆ ಸೊಟ್ಟಗಾಗಿ, ಎಡಗಣ್ಣು ಕಿರಿದಾಗಿ, ಬಲಹುಬ್ಬು ಮೇಲೇರಿ.

ಪಟ್ಟಿಯನ್ನೂ ಕನ್ನಡಿಯನ್ನೂ ಮುಟ್ಟದೆ ಅದನ್ನೇ ಬರೆದ. ಸಂಜೆ ತಂಗಿ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದವಳು ಬಹಳ ಹೊತ್ತು ಕೆಳಗಿಡಲಿಲ್ಲ.

ಠಾಣೆಯಲ್ಲಿ ಅದು ನಡೆಯಲಿಲ್ಲ. ಮುಖ ಸೊಟ್ಟಗಿದೆ, ನೆಟ್ಟಗೆ ಬರೆದು ತನ್ನಿ ಎಂದರು. ಅವನ ಹತ್ತಿರ ನೆಟ್ಟಗಿನ ಅಕ್ಕ ಇರಲಿಲ್ಲ. ಆ ಚಿತ್ರವನ್ನೇ ನಾನೂರು ಪ್ರತಿ ತೆಗೆಸಿದ. ಯಾವ ಅಂಚೆ ಚೀಲ ಯಾವ ಲಾರಿಯಲ್ಲಿ ಎಲ್ಲಿಗೆ ಹೋಗುತ್ತದೆಂಬುದು ಪೋಸ್ಟ್‌ಮ್ಯಾನ್ ಅವರಿಗೆ ಗೊತ್ತಿತ್ತು. ತಮ್ಮ ಹಳೆಯ ಗೆಳೆಯರ ಕೈಯಲ್ಲಿ ಊರೂರಿಗೆ ಕಳಿಸಿದರು.

ಐದನೆಯ ದಿನ ಕರೆ ಬಂತು. ಬಸ್ಸಿನಲ್ಲಿ ಐದು ಗಂಟೆಯ ದಾರಿ, ಒಂದು ಧಾನ್ಯದ ಗೋದಾಮು. ಅಲ್ಲಿನ ಮೇಸ್ತ್ರಿ ಚಿತ್ರವನ್ನು ಕಂಬಕ್ಕೆ ಅಂಟಿಸಿಕೊಂಡೇ ಕೂತಿದ್ದ. ಮೂಕ ಹೆಂಗಸೊಬ್ಬಳು ಮೂಟೆಗಳ ಬಾಯಿ ಹೊಲಿಯುತ್ತಿದ್ದಳಂತೆ. ಉಳಿದವರೆಲ್ಲ ಹುರಿ ಕತ್ತರಿಸಲು ಚಾಕು ಹಿಡಿದರೆ ಅವಳು ಹಲ್ಲು ಹಾಕುತ್ತಿದ್ದಳಂತೆ, ಹೀಗೇ. ಮುಖ ಸರಿಯಾಗಿ ನೋಡಿರಲಿಲ್ಲ, ಇದನ್ನು ಮರೆಯೋದು ಹ್ಯಾಗೆ ಎಂದ.

ಎಲ್ಲಿ ಅವಳು ಎಂದು ಟೈಲರ್ ಕೇಳಿದ.

"ನಾಲ್ಕು ದಿನ ಆಯ್ತಪ್ಪ ಹೋಗಿ. ಬಂದೋರ ಹತ್ರ ಎಲ್ಲ ಏನೋ ಕೇಳ್ತಿದ್ಲು. ನಮಗೆ ಅರ್ಥ ಆಗ್ಲಿಲ್ಲ."

ಏನು ಕೇಳುತ್ತಿದ್ದಳು, ತೋರಿಸಿ ಎಂದ ಟೈಲರ್. ಮೇಸ್ತ್ರಿ ಬಲಗೈಯ ಎರಡು ಬೆರಳು ಎತ್ತಿ ಕತ್ತರಿಯ ಹಾಗೆ ಎರಡು ಸಲ ಆಡಿಸಿದ. ಆಮೇಲೆ ಅಂಗೈ ಬಿಚ್ಚಿ ಆಚೀಚೆ ತಿರುಗಿಸಿದ. ಬಿಚ್ಚಿದ ಅಂಗೈ ಎಂದರೆ ಎಲ್ಲಿ. ಕತ್ತರಿ ಎಂದರೆ ತಮ್ಮ. ಆ ಮೂವರ ಮನೆಯಲ್ಲಿ ಅದು ಅವನ ಹೆಸರು.

ಟೈಲರ್ ಮೂಟೆಯೊಂದರ ಬಾಯಿಯ ಹೊಲಿಗೆಯ ಮೇಲೆ ಬೆರಳಾಡಿಸುತ್ತ ಕೂತ. ಮೇಸ್ತ್ರಿ ನೀರು ತರಲು ಹೋದ.

ಈಗ ಅವನ ಅಂಗಡಿ ವಾರಕ್ಕೆ ಮೂರು ದಿನ ತೆರೆದಿರುತ್ತದೆ, ಗುಂಡಿಗಳನ್ನು ತಂಗಿ ಹೊಲಿಯುತ್ತಾಳೆ. ಉಳಿದ ನಾಲ್ಕು ದಿನ ಅವನು ಆ ಗೋದಾಮಿನಿಂದ ಹೊರಡುವ ರಸ್ತೆಗಳನ್ನು ಒಂದೊಂದಾಗಿ ಹಿಡಿದು ಹೋಗುತ್ತಾನೆ. ಮೂಟೆ, ಹಾಸಿಗೆ, ಬಟ್ಟೆ, ಏನೇ ಆಗಲಿ ಹೊಲಿಗೆ ನಡೆಯುವ ಕಡೆಯೆಲ್ಲ ಚಿತ್ರ ತೋರಿಸಿ ವಿಚಾರಿಸುತ್ತಾನೆ. ಬಸ್ಸು ನಿಂತಲ್ಲಿ ಹೊಸ ಪ್ರತಿ ಬರೆಯುತ್ತಾನೆ.