ಪೈಲ್ವಾನ ಬಿಗಿದ ಪ್ಲಗ್ಗು

ಕಾಗವಾಡದ ಮೆಕ್ಯಾನಿಕ್ ಸಂಗ್ರಾಮ ಮೊದಲು ಕುಸ್ತಿ ಹಿಡಿಯುತ್ತಿದ್ದವನು. ಮೊಣಕಾಲು ಕೆಟ್ಟ ಮೇಲೆ ಅಖಾಡ ಬಿಟ್ಟು ಗ್ಯಾರೇಜು ತೆರೆದ. ಕೆಲಸ ಕಲಿತ, ಕೈಯ ಜೋರು ಮಾತ್ರ ಇಳಿಯಲಿಲ್ಲ. ಅವನು ಬಿಗಿದ ನಟ್ಟನ್ನು ಬೇರೆಯವರು ಬಿಚ್ಚಲಾರರು ಎಂಬ ಮಾತನ್ನು ಹೊಗಳಿಕೆ ಎಂದೇ ತಿಳಿದಿದ್ದ. ಗಿರಾಕಿಗಳು ಮಾತ್ರ ಒಬ್ಬೊಬ್ಬರಾಗಿ ಅಥಣಿಯ ಗ್ಯಾರೇಜುಗಳಿಗೆ ಹೋಗತೊಡಗಿದರು. ಇನ್ನೊಂದು ಗಾಡಿ ಕೆಡಿಸಿದರೆ ಗ್ಯಾರೇಜಿಗೆ ಬೀಗ ಹಾಕಿ ಸಕ್ಕರೆ ಕಾರ್ಖಾನೆಯ ಗೇಟು ಕಾಯಬೇಕೆಂದು ಹೆಂಡತಿ ಶುಭಾಂಗಿ ಹೇಳಿಟ್ಟಿದ್ದಳು.

ಆಗ ಅವನ ಕೈಗೆ ಹೋದದ್ದು ನನ್ನ ಹಳೆಯ ಕಾರು. ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗುಗಳನ್ನು ಬದಲಿಸಬೇಕಿತ್ತು. ಕೊನೆಯದನ್ನು ಬಿಚ್ಚಲು ಪಾನಾ, ಅಂದರೆ ಸ್ಪ್ಯಾನರು, ಹಾಕಿ ಹೆಗಲು ಕೊಟ್ಟು ಎಳೆದ. ಟಕ್ ಎಂದಿತು. ಪ್ಲಗ್ಗಿನ ತಲೆ ಪಾನಾದೊಳಗೆ ಬಂತು, ತಿರುಪಿನ ತುಂಡು ಎಂಜಿನ್ನಿನಲ್ಲೇ ಉಳಿಯಿತು.

"ಯಾವ ಕತ್ತೆ ಬಿಗದೈತ್ರಿ ಇದನ್ನ?"

"ನೀನ ಬಿಗದಿದ್ದಿ, ಹ್ವಾದ ದೀಪಾವಳಿಗೆ" ಎಂದೆ.

ಗ್ಯಾರೇಜಿನ ಹಿಂದಿನ ಮನೆಯಿಂದ ಶುಭಾಂಗಿಯ ದನಿ ಬಂತು: "ಕಾರ್ಖಾನ್ಯಾಗ ಖಾಕಿ ಅಂಗಿ ಕೊಡ್ತಾರಂತ. ಅಳತಿ ಕೊಟ್ಟ ಬರ್ರಿ."

ಸಂಗ್ರಾಮ ಎಂಜಿನ್ನಿನ ಮೇಲೆ ಬಗ್ಗಿದ. ಗಾಳಿ ಹೊಡೆದು ಮುರಿದ ಪ್ಲಗ್ಗಿನ ಪಿಂಗಾಣಿ ಚೂರು ಹಾರಿಸಿದ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟ. ಇನ್ನು ಕಾಯಬೇಕು. ಅದೇ ಅವನಿಂದ ಆಗದ ಕೆಲಸ. ಮುರಿದ ತುಂಡು ಹೊರತೆಗೆಯುವ ಉಲ್ಟಾ ತಿರುಪಿನ ಸಲಾಕೆಯನ್ನು ಅದರೊಳಗೆ ಬಡಿದಿಳಿಸಿದ. ಮೆಲ್ಲಗೆ ಎಡಕ್ಕೆ ತಿರುವಿದರೆ ತುಂಡು ಬರುತ್ತದೆ, ಜೋರು ಮಾಡಿದರೆ ಸಲಾಕೆಯೂ ಒಳಗೇ ಮುರಿದು ಎಂಜಿನ್ನನ್ನೇ ಬಿಚ್ಚಬೇಕಾಗುತ್ತದೆ ಎಂದು ನನಗೆ ವಿವರಿಸಿದ. ವಿವರಿಸುತ್ತಲೇ ಜೋರು ಮಾಡಿದ. ಸಲಾಕೆ ಕಿರ್ರೆಂದಿತು.

"ಅಹೋ, ಕೈ ತಗೀರಿ!" ಶುಭಾಂಗಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ಚಿತ್ ಮಾಡಾಕ ಅದೇನ ಪೈಲ್ವಾನನ?"

"ನಿನಗೇನ ತಿಳೀತೈತಿ ಇದರಾಗ?"

"ತಿಳಿಯೂದಿಲ್ಲ. ಅದಕ್ಕ ಸಾವಕಾಶ ಮಾಡ್ತೀನಿ."

ಕೈ ಒರೆಸಿಕೊಂಡು, ಸಲಾಕೆಗೆ ಸಿಕ್ಕಿಸಿದ್ದ ಪಾನಾ ಹಿಡಿದಳು. ಸಲಾಕೆ ಮುರಿಯುವಷ್ಟು ಬಲ ಅವಳಲ್ಲಿರಲಿಲ್ಲ; ಇಲ್ಲದಿದ್ದದ್ದೇ ಒಳ್ಳೆಯದಾಯಿತು. ಅವನು ಎಣ್ಣೆ ಬಿಡುವುದು, ಅವಳು ಸ್ವಲ್ಪ ಒತ್ತಿ ನಿಲ್ಲಿಸುವುದು, ಮತ್ತೆ ಒತ್ತುವುದು. ಮಧ್ಯಾಹ್ನವೆಲ್ಲ ಇದೇ ನಡೆಯಿತು. ಅವನು ಹಲ್ಲು ಕಡಿಯುತ್ತ ಪಕ್ಕದಲ್ಲಿ ನಿಂತಿದ್ದ. ತಡೆಯದೆ ಕೈ ಚಾಚಿದಾಗಲೆಲ್ಲ ಬೈಸಿಕೊಂಡ. ಕೊನೆಗೆ ತುಂಡು ಅಲುಗಿತು, ಹೊರಗೆ ಬಂತು.

ಹೊಸ ಪ್ಲಗ್ಗು ಕೂರಿಸಲು ಅವನು ಪಾನಾ ಕೇಳಿದ. ಅವಳು ಕೊಡಲಿಲ್ಲ, ತಾನೇ ಬಿಗಿದಳು.

"ಇನ್ನೊಂದ ಸ್ವಲ್ಪ—" ಎಂದ.

"ಸಾಕು" ಎಂದೆ ನಾನು.

ಗ್ಯಾರೇಜು ಇನ್ನೂ ತೆರೆದಿದೆ. ಬಿಚ್ಚುವುದು ಅವನು, ಬಿಗಿಯುವುದು ಅವಳು. ಕೇಳಿದವರಿಗೆ, ಹೆಂಡತಿಗೆ ಕೆಲಸ ಕಲಿಸುತ್ತಿದ್ದೇನೆ ಎನ್ನುತ್ತಾನೆ. ನಾನಂತೂ ಅವಳು ಗ್ಯಾರೇಜಿನಲ್ಲಿದ್ದಾಳೆಯೇ ಎಂದು ಫೋನಿನಲ್ಲಿ ಕೇಳಿಕೊಂಡೇ ಗಾಡಿ ಒಯ್ಯುತ್ತೇನೆ.