ಬೀಗ ಹಾಕಿದ ಮನೆಗಳ ಎಣಿಕೆ

ನಮ್ಮ ನಗರಸಭೆಯ ಅಂಕಿಅಂಶ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ಹಿರಿಯರನ್ನು ಕಚೇರಿಯಲ್ಲಿ ಎಲ್ಲರೂ ಕರೆಯುವುದು ‘ಪೆನ್ಸಿಲ್ ಮೇಡಂ’ ಎಂದು. ಕಣ್ಣಾರೆ ಕಂಡು ಖಚಿತಪಡಿಸಿಕೊಳ್ಳದ ಯಾವ ಸಂಖ್ಯೆಯನ್ನೂ ಅವರು ಶಾಯಿಯಲ್ಲಿ ಬರೆದವರಲ್ಲ. ಒಂದು ಊರನ್ನು ಅಂಕಿಗಳ ಮೂಲಕ ಅರಿಯುವ ವಿದ್ಯೆಯಲ್ಲಿ ಅವರಿಗೆ ಸರಿಸಮಾನರಾದವರನ್ನು ನಾನಂತೂ ನೋಡಿಲ್ಲ.

ಕಿರಿಯ ಗುಮಾಸ್ತೆಯಾಗಿ ಸೇರಿದ ಎರಡನೆಯ ವರ್ಷದಿಂದಲೇ ನಗರಸಭೆಯ ಕೈಪಿಡಿಯ ಮೊದಲ ಪುಟ, ‘ನಗರ ಪರಿಚಯ’, ಅವರ ಪಾಲಿಗೆ ಬಂತು. ಎರಡು ಗುಡ್ಡಸಾಲುಗಳ ನಡುವಿನ ಕಣಿವೆ, ನದಿ, ಎರಡು ಸೇತುವೆ, ಒಂದೂವರೆ ಲಕ್ಷ ಜನ, ಸುತ್ತ ಟೊಮೆಟೊ, ಈರುಳ್ಳಿ, ದ್ರಾಕ್ಷಿಯ ಹೊಲತೋಟಗಳು, ರೈಲು ನಿಲ್ದಾಣದ ಹಿಂದಿನ ತರಕಾರಿ ಮಂಡಿ: ಎಲ್ಲವೂ ಒಂದೇ ಪುಟದಲ್ಲಿ. ಆ ಪುಟಕ್ಕಾಗಿ ಅವರು ವರ್ಷವಿಡೀ ಚಪ್ಪಲಿ ಸವೆಸುತ್ತಿದ್ದರು.

“ಹೋದ ವರ್ಷದ್ದೇ ಹಾಕ್ಬಿಡಿ ಮೇಡಂ, ಯಾರು ನೋಡ್ತಾರೆ?” ಎಂದು ಮುದ್ರಣಾಲಯದವರು ಒಮ್ಮೆ ಗೊಣಗಿದರು.

“ನಾನು ನೋಡ್ತೀನಲ್ಲಪ್ಪಾ!”

ಇದೇ ಮೇಡಂ, ಟೈಪಿಸ್ಟ್ ಒಬ್ಬರ ಕಣ್ಣು ಮಂಜಾದಾಗ, ಅವರ ಕೆಲಸ ಹೋಗದಿರಲೆಂದು ಎರಡು ವರ್ಷ ಪಕ್ಕದಲ್ಲಿ ಕುಳಿತು ಅಂಕಿಗಳನ್ನು ಓದಿ ಹೇಳಿದವರು.

ಹದಿನಾಲ್ಕು ವರ್ಷಗಳ ಹಿಂದೆ, ಸಂಖ್ಯಾಶಾಸ್ತ್ರದ ಪದವಿಯ ಜಂಬದೊಡನೆ ನಾನು ಅವರ ಕೈಕೆಳಗೆ ಸೇರಿದೆ. ಆಗ ಕಾಲುವೆಯಾಚೆಯ ಬಡಾವಣೆಗೆ ಕುಡಿಯುವ ನೀರಿನ ಕೊಳವೆ ಹಾಕುವ ಪ್ರಶ್ನೆ ಎದ್ದಿತ್ತು. ಜನ ವಾಸವಿರುವ ಮನೆಗಳು ಇನ್ನೂರು ದಾಟಿದರೆ ಕೊಳವೆ. ಇಲ್ಲವಾದರೆ ವಾರಕ್ಕೆ ಎರಡು ಸಲ ಬರುವ ಟ್ಯಾಂಕರೇ ಗತಿ. ಎಣಿಸಲು ನನ್ನನ್ನು ಕಳಿಸಿದರು. ಎರಡು ದಿನ, ಬೆಳಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ತಿರುಗಿ, ಅಂದವಾದ ಕೋಷ್ಟಕ ಮಾಡಿ ಕೊಟ್ಟೆ: ವಾಸವಿರುವ ಮನೆ ನೂರ ಹತ್ತೊಂಬತ್ತು, ಖಾಲಿ ನೂರ ಎಂಟು.

“ಖಾಲಿ ಅಂತ ಹೇಗೆ ಗೊತ್ತಾಯ್ತು?” ಎಂದರು ಮೇಡಂ.

“ಬೀಗ ಹಾಕಿತ್ತು ಮೇಡಂ.”

“ಈಗ ನಿಮ್ಮ ಮನೆ ಬಾಗಿಲಿಗೆ ಏನು ಹಾಕಿದೆ?”

ನಾನು ಕೋಷ್ಟಕವನ್ನು ಹಿಂದಕ್ಕೆ ತೆಗೆದುಕೊಂಡೆ.

ಮರುದಿನ ಬೆಳಗಿನ ಐದೂವರೆಗೆ ಅವರೇ ನನ್ನೊಡನೆ ಬಂದರು. ಅದು ಕೊಯ್ಲಿನ ಕಾಲ. ನಾನು ಖಾಲಿಯೆಂದು ಬರೆದ ಮನೆಗಳ ಮುಂದೆ ಜನ ಊಟದ ಡಬ್ಬಿ, ಬೀಗ ಕೈಯಲ್ಲಿ ಹಿಡಿದು ತೋಟದ ಲಾರಿಗೆ ಕಾಯುತ್ತಿದ್ದರು. ಒಬ್ಬ ಹೆಂಗಸು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ನಾವು ಇಲ್ಲ ಅಂತ ಬರ್ಕೊಂಡು ಹೋದೋರು ನೀವೇನಾ? ಪಕ್ಕದ್ಮನೆ ಅಜ್ಜಿ ಹೇಳಿದ್ರು. ಹಂಗಾದ್ರೆ ಟ್ಯಾಂಕರ್ ಹತ್ರ ಬಿಂದಿಗೆ ಹಿಡ್ಕೊಂಡು ಜಗಳ ಆಡೋದು ಯಾರು, ದೆವ್ವಾನಾ?”

“ಅದಕ್ಕೇ ಮುಟ್ಟಿ ನೋಡೋಕೆ ಬಂದಿದ್ದೀವಿ ಕಣಮ್ಮಾ,” ಎಂದರು ಮೇಡಂ. ಬೀದಿಯೇ ನಕ್ಕಿತು. ನಾನು ತಲೆ ಎತ್ತದೆ ಬರೆದುಕೊಂಡೆ.

ಮೂರು ಬೆಳಗಿನ ಎಣಿಕೆಯಲ್ಲಿ ನಿಜವಾಗಿ ಖಾಲಿಯಿದ್ದ ಮನೆಗಳು ಹನ್ನೊಂದೇ ಎಂದು ತಿಳಿಯಿತು. ವಾಸವಿದ್ದದ್ದು ಇನ್ನೂರ ಹದಿನಾರು. ನನ್ನ ಕೆಲಸ ಆಗಿನ್ನೂ ಕಾಯಂ ಆಗಿರಲಿಲ್ಲ. ವರದಿಯಲ್ಲಿ ಮೇಡಂ ಬರೆದದ್ದು ಇಷ್ಟೇ: “ಮೊದಲ ಎಣಿಕೆಗೆ ಆರಿಸಿದ ಹೊತ್ತು ಸರಿಯಿರಲಿಲ್ಲ. ಹೊತ್ತನ್ನು ಸೂಚಿಸದೆ ಕಳಿಸಿದ್ದು ನಾನು.” ಮುಂದಿನ ವರ್ಷ ಕೊಳವೆ ಬಂತು. ‘ನಗರ ಪರಿಚಯ’ಕ್ಕೂ ಒಂದು ಮಾತು ಸೇರಿತು: “ಕೊಯ್ಲಿನ ತಿಂಗಳುಗಳಲ್ಲಿ ಕೆಲವು ಬೀದಿಗಳ ಬಾಗಿಲುಗಳಿಗೆ ಹಗಲೆಲ್ಲ ಬೀಗವಿರುತ್ತದೆ, ಅಲ್ಲಿ ಜನರಿದ್ದಾರೆ.” ಇಂದಿಗೂ ಅದು ಅಚ್ಚಾಗುತ್ತಿದೆ.

ಈ ಲೇಖನಕ್ಕಾಗಿ ಕೆಲವು ಇಸವಿಗಳನ್ನು ಕೇಳಲು ಕಳೆದ ಭಾನುವಾರ ಅವರ ಮನೆಗೆ ಹೋದೆ. ಬೀಗ ಹಾಕಿತ್ತು. ಸಂಜೆ ಮತ್ತೆ ಹೋದಾಗ ಅವರು ಹೊಸಿಲ ಬಳಿ ಕೂತು ಧೂಳಾದ ಚಪ್ಪಲಿ ಕಳಚುತ್ತಿದ್ದರು.

“ಮಧ್ಯಾಹ್ನ ನೀವು ಬಂದಿದ್ರಂತೆ. ಖಾಲಿ ಮನೆ ಅಂತ ಬರ್ಕೊಂಡ್ರೋ ಏನೋ ಅಂದ್ಕೊಂಡೆ!”

“ಎಲ್ಲಿಗೆ ಹೋಗಿದ್ರಿ ಮೇಡಂ?”

“ಕಾಲುವೆಯಾಚೆ ಹೊಸದಾಗಿ ಎರಡು ಸಾಲು ಮನೆ ಎದ್ದಿವೆ. ಹೋಗಿ ನೋಡ್ಬೇಡ್ವಾ?”

ಅವರ ಆಯುಸ್ಸು ದೀರ್ಘವಾಗಿರಲಿ, ಆರೋಗ್ಯ ಚೆನ್ನಾಗಿರಲಿ. ಕಾಲಿನ ಕಸುವು ಕುಂದದಿರಲಿ. ಇನ್ನು ಮುಂದೆಯೂ ಹಗಲಲ್ಲಿ ಅವರ ಬಾಗಿಲಿಗೆ ಬೀಗವೇ ಇರಲಿ. ನಾವು ಸಂಜೆ ಮತ್ತೆ ಬರುತ್ತೇವೆ.